ಹೊಸಬರ ಊರಿನಲ್ಲಿ ಹಳೆಯ ವಸ್ತುಗಳು

1961ರ ಜನಗಣತಿಯ ಹೊತ್ತಿಗೆ ಈ ಊರಿನಲ್ಲಿ ಒಂದು ಲಕ್ಷ ಜನರೂ ಇರಲಿಲ್ಲ. 2011ರಲ್ಲಿ ಎಣಿಸಿದಾಗ 11.75 ಲಕ್ಷ. ಇಲ್ಲೇ ಹುಟ್ಟಿದ ಮಕ್ಕಳ ಲೆಕ್ಕ, ಊರು ಬೆಳೆಯುತ್ತ ನುಂಗಿದ ಹಳ್ಳಿಗಳ ಲೆಕ್ಕ ಎಲ್ಲ ತೆಗೆದರೂ, ಐವತ್ತು ವರ್ಷದಲ್ಲಿ ಇಷ್ಟು ಹಿಗ್ಗಬೇಕಾದರೆ ಬಹಳ ಮಂದಿ ಎಲ್ಲಿಂದಲೋ ಗಂಟುಮೂಟೆ ಕಟ್ಟಿಕೊಂಡು ಬಂದವರೇ ಆಗಿರಬೇಕು. ಜಾಲನಾ, ಬೀಡ್, ಪರಭಣಿಯ ಹಳ್ಳಿಗಳಿಂದ ಬಂದವರಿದ್ದಾರೆ, ಬಿಹಾರ, ಉತ್ತರ ಪ್ರದೇಶದವರಿದ್ದಾರೆ. ನಡುವೆ ಬೀದರ್, ಕಲಬುರಗಿ, ವಿಜಯಪುರದ ಕಡೆಯಿಂದ ನಾವೂ ಒಂದಿಷ್ಟು ಮಂದಿ. ಊರಿನ ಹೆಸರೂ ಸುಮ್ಮನೆ ಕೂತಿಲ್ಲ. ಮಲಿಕ್ ಅಂಬರ್ 1610ರಲ್ಲಿ ಕಟ್ಟಿಸಿದಾಗ ಖಡಕಿ, ಮೊಘಲರ ಕಾಲಕ್ಕೆ ಔರಂಗಾಬಾದ್, 2023ರಿಂದ ಛತ್ರಪತಿ ಸಂಭಾಜಿನಗರ. ಬಸ್ಸಿನ ಬೋರ್ಡಿನಲ್ಲಿ ಒಂದು ಹೆಸರು, ನಮ್ಮ ಹಿರಿಯರ ಬಾಯಲ್ಲಿ ಇನ್ನೊಂದು.

ಇಂಥ ಊರಿನಲ್ಲಿ ಮ್ಯೂಸಿಯಂ ಯಾರಿಗಾಗಿ ಇರಬೇಕು ಎಂಬುದು ಈ ಸಲದ ಪ್ರಶ್ನೆ. ಪ್ರವಾಸಿಗರಿಗೆ ಅನ್ನುವುದು ಪ್ರವಾಸೋದ್ಯಮ ಇಲಾಖೆಯ ಉತ್ತರ. ನಮ್ಮ ವೈಭವ ನಾಲ್ಕು ಜನಕ್ಕೆ ಗೊತ್ತಾಗಲಿ ಅನ್ನುವುದು ಊರಿನ ಮೂಲನಿವಾಸಿಗಳ ಉತ್ತರ. ನನಗೆ ತೋರುವುದು ಬೇರೆ. ಬೆಳೆಯುವ ಊರಿನಲ್ಲಿ ಮ್ಯೂಸಿಯಂ ಬೇಕಾಗಿರುವುದು ಮೊದಲು ಹೊಸಬರಿಗೆ, ನಿನ್ನೆ ಟ್ರಂಕು ಇಳಿಸಿ ಇವತ್ತು ಬಾಡಿಗೆ ಮನೆ ಹುಡುಕುತ್ತಿರುವವರಿಗೆ. ಹಳಬರ ಮನೆಯಲ್ಲಿ ಅಜ್ಜಿ ಇರುತ್ತಾಳೆ, ಕಥೆ ಹೇಳುತ್ತಾಳೆ. ಹೊಸಬನಿಗೆ ಈ ಊರಿನಲ್ಲಿ ಅಜ್ಜಿ ಇಲ್ಲ.

ನಾನಿರುವುದು ಚಿಕಲಠಾಣಾದಲ್ಲಿ. ಜಾಲನಾ ರಸ್ತೆಯ ಮೇಲೆ, ಊರಿನ ಪೂರ್ವಕ್ಕೆ. ಹೊರಗಿನವರಿಗೆ ಇದು ವಿಮಾನ ನಿಲ್ದಾಣದ ಹೆಸರು, ಕಾರ್ಖಾನೆಯವರಿಗೆ ಎಂಐಡಿಸಿಯ ಹೆಸರು, ಹುಡುಗರಿಗೆ ಮಾಲ್ ಇರುವ ಜಾಗ. ಮೊದಲು ಇದು ಹಳ್ಳಿ. ಈಗಲೂ ರಸ್ತೆಯಿಂದ ಒಳಗೆ ಹೋದರೆ ಹಳ್ಳಿಯ ಓಣಿಗಳು ಸಿಗುತ್ತವೆ. ಹೆಸರು ಕೇಳಿ ನಮ್ಮವರಲ್ಲಿ ಕೆಲವರು ‘ಚಿಕ್ಕ ಠಾಣೆ’ ಎಂದು ಬಿಡಿಸಿ ಖುಷಿಪಡುತ್ತಾರೆ. ಮರಾಠಿ ಗೆಳೆಯರು ‘ಚಿಖಲ್’ ಎಂದರೆ ಕೆಸರು ಎಂದು ನೆನಪಿಸುತ್ತಾರೆ. ಮಳೆಗಾಲದಲ್ಲಿ ಒಳರಸ್ತೆಗಳನ್ನು ನೋಡಿದರೆ ಗೆಳೆಯರ ವಾದಕ್ಕೇ ಬಲ ಹೆಚ್ಚು. ಆ ತಂಟೆ ಇಲ್ಲಿಗೆ ಬಿಡೋಣ.

ಇಲ್ಲಿ ಔರಾದ್ ಕಡೆಯ ಒಬ್ಬರು ನನಗೆ ಪರಿಚಯ. ಮಷೀನ್ ಶಾಪಿನಲ್ಲಿ ಟರ್ನರ್. ಮಗಳು ಏಳನೇ ತರಗತಿ. ಶಾಲೆಯಲ್ಲಿ ‘ನಮ್ಮ ಊರು, ನಮ್ಮ ಇತಿಹಾಸ’ ಎಂದು ಪ್ರಾಜೆಕ್ಟ್ ಕೊಟ್ಟಿದ್ದರು. ಹುಡುಗಿ ದರವಾಜಾಗಳ ಚಿತ್ರ ಅಂಟಿಸಿ, ಬೀಬಿ ಕಾ ಮಕ್ಬರಾ ಅಂಟಿಸಿ, ಕೊನೆಗೆ ‘ನನ್ನ ಕುಟುಂಬಕ್ಕೂ ಈ ಊರಿಗೂ ಸಂಬಂಧ’ ಎಂಬ ಜಾಗದಲ್ಲಿ ಒಂದೇ ಸಾಲು ಬರೆದಿದ್ದಳು: ನಾವು ಹೊರಗಿನವರು. ಇದೇನಮ್ಮಾ ಅಂದೆ. ಅಪ್ಪನೇ ಉತ್ತರಿಸಿದರು: “ಖರೇನೇ ಬರ್ದಾಳಲ್ರಿ ಅಣ್ಣಾರ. ನಾವೇನ್ ಇಲ್ಲಿಯವರಾ?”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಅದು ರೇಷನ್ ಕಾರ್ಡಿನ ವಿಳಾಸದಂತೆ ಇದ್ದದ್ದು ಇದ್ದ ಹಾಗೆ ಹೇಳಿದ ಮಾತು. ನನಗೆ ಕಸಿವಿಸಿಯಾದದ್ದು ಅದಕ್ಕೇ. ಯಾಕೆಂದರೆ ಔರಾದಿನಿಂದ ಚಿಕಲಠಾಣಾಕ್ಕೆ ಬಂದವರು ಯಾವ ಅರ್ಥದಲ್ಲಿ ಹೊರಗಿನವರು? 1956ರ ಅಕ್ಟೋಬರ್ 31ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು, ಔರಂಗಾಬಾದ್, ಪರಭಣಿ, ನಾಂದೇಡ್, ಬೀಡ್, ಉಸ್ಮಾನಾಬಾದ್ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಮಾರನೆಯ ದಿನ ಗೆರೆ ಬಿತ್ತು. ಬೀದರ್ ಜಿಲ್ಲೆಯನ್ನೇ ಸೀಳಿ ಉದಗೀರ್, ನಿಲಂಗಾ, ಅಹಮದ್‌ಪುರ ತಾಲ್ಲೂಕುಗಳನ್ನು ಈ ಕಡೆ ಹಾಕಿದರು. ಅಕ್ಕನ ಮನೆ ಒಂದು ರಾಜ್ಯ, ತಂಗಿಯ ಮನೆ ಇನ್ನೊಂದು ರಾಜ್ಯ ಆಯಿತು. ಇವತ್ತಿಗೂ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಬಾವುಟ ಹಾರುತ್ತದೆ, ಇಲ್ಲೂ ಹಾರುತ್ತದೆ. ಅಲ್ಲಿ ಕಲ್ಯಾಣ ಕರ್ನಾಟಕ ಉತ್ಸವ, ಇಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಎರಡೂ 1948ರ ಅದೇ ಒಂದು ದಿನದ ನೆನಪು. ಟರ್ನರ್ ಅಣ್ಣನ ಅಜ್ಜ ರಜಾಕಾರರ ಕಾಲದಲ್ಲಿ ಊರು ಬಿಟ್ಟು ಓಡಿದವರಂತೆ. ಆ ಕಥೆ ಮಗಳ ಪ್ರಾಜೆಕ್ಟಿಗೆ ಬರಬಹುದಿತ್ತು, ಬರಲಿಲ್ಲ. ಅದು ‘ಈ ಊರಿನ’ ಇತಿಹಾಸವೂ ಹೌದು ಎಂದು ಆಕೆಗೆ ತೋರಿಸುವ ಒಂದು ಕೋಣೆ, ಒಂದು ಗಾಜಿನ ಪೆಟ್ಟಿಗೆ, ಒಂದು ಫಲಕ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಮ್ಯೂಸಿಯಂಗಳಿಗೆ ಇಲ್ಲಿ ಬರವಿಲ್ಲ. ವಿಶ್ವವಿದ್ಯಾಲಯದ ಕಡೆ, ಬೆಟ್ಟದ ಬುಡದಲ್ಲಿ ಸೋನೇರಿ ಮಹಲ್ ಇದೆ. ಹದಿನೇಳನೇ ಶತಮಾನದಲ್ಲಿ ಬುಂದೇಲ ಸರದಾರನೊಬ್ಬ ಕಟ್ಟಿಸಿದ್ದು. ಒಮ್ಮೆ ಗೋಡೆಯ ಮೇಲೆ ಚಿನ್ನದ ಬಣ್ಣದ ಚಿತ್ರಗಳಿದ್ದವಂತೆ, ಹೆಸರು ಅದರಿಂದ. ಈಗ ರಾಜ್ಯ ಪುರಾತತ್ವ ಇಲಾಖೆಯ ಸಂಗ್ರಹಾಲಯ. ಬುಂದೇಲಖಂಡದವನೂ ಇಲ್ಲಿಗೆ ವಲಸೆ ಬಂದವನೇ, ಕೆಲಸದ ಮೇಲೆ ಬಂದವನೇ ಎಂಬುದು ನನ್ನಂಥವರಿಗೆ ಒಂದು ಸಮಾಧಾನ. ನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ್ ಸಂಗ್ರಹಾಲಯದಲ್ಲಿ ಆಯುಧಗಳು, ಕಬ್ಬಿಣದ ಬಲೆಯ ಅಂಗಿ, ಹಳೆಯ ಪೈಠಣಿ ಸೀರೆ ಇವೆ. ಔರಂಗಜೇಬನ ಕೈಬರಹದ್ದು ಎಂದು ತೋರಿಸುವ ಖುರಾನ್ ಪ್ರತಿಯೂ ಅದೇ ಸೂರಿನಡಿ ಇದೆ. ಹೊರಗೆ ಈ ಎರಡು ಹೆಸರುಗಳ ಮೇಲೆ ಎಷ್ಟು ಗಂಟಲು ಹರಿದಿದೆ ಎಂಬುದು ನಿಮಗೆ ಗೊತ್ತು. ಒಳಗೆ ಎರಡೂ ತಣ್ಣಗೆ ಒಂದೇ ಕಟ್ಟಡದಲ್ಲಿವೆ.

ಐವತ್ತು ಕಿಲೋಮೀಟರ್ ದಕ್ಷಿಣಕ್ಕೆ ಪೈಠಣ, ಗೋದಾವರಿಯ ದಂಡೆ. ಶಾತವಾಹನರ ಪ್ರತಿಷ್ಠಾನ. ಅಲ್ಲೂ ಸರ್ಕಾರದ ಒಂದು ಸಂಗ್ರಹಾಲಯ ಇದೆ. ಆದರೆ ಪೈಠಣದ ಆ ರಾಜರ ಮುಖ ನೋಡಬೇಕಾದರೆ ಪೈಠಣಕ್ಕೆ ಹೋದರೆ ಸಾಲದು. ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿಯ ದಂಡೆಗೆ, ಸನ್ನತಿಯ ಪಕ್ಕದ ಕನಗನಹಳ್ಳಿಗೆ ಹೋಗಬೇಕು. ಅಲ್ಲಿ ಅಗೆದಾಗ ಸಿಕ್ಕ ಬೌದ್ಧ ಸ್ತೂಪದ ಕಲ್ಲುಗಳಲ್ಲಿ ‘ರಾಯಾ ಅಸೋಕೋ’ ಎಂದು ಹೆಸರು ಬರೆದ ಅಶೋಕನ ಚಿತ್ರ ಇರುವುದು ಎಲ್ಲರಿಗೂ ಗೊತ್ತು. ಅದೇ ಸ್ತೂಪದಲ್ಲಿ ಶಾತವಾಹನ ರಾಜರೂ ಹೆಸರು ಸಮೇತ ಇದ್ದಾರೆ. ಸಾತಕಣಿ ಮಹಾಚೈತ್ಯಕ್ಕೆ ಬೆಳ್ಳಿಯ ಹೂ ಅರ್ಪಿಸುತ್ತಿದ್ದಾನೆ. ಪೈಠಣದ ಅರಸರ ಫೋಟೊ ಆಲ್ಬಂ ನಮ್ಮ ಕಲಬುರಗಿಯ ಹೊಲದಲ್ಲಿ ಹೂತಿತ್ತು ಅನ್ನಿ. ಪೈಠಣದ ಸಂಗ್ರಹಾಲಯದಲ್ಲಿ ಕನಗನಹಳ್ಳಿಯ ಒಂದು ದೊಡ್ಡ ಚಿತ್ರ, ಕನಗನಹಳ್ಳಿಯಲ್ಲಿ ಪೈಠಣದ ಒಂದು ನಕಾಶೆ. ಇಷ್ಟು ಮಾಡಲು ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಕೂತು ಮಾತಾಡಬೇಕಿಲ್ಲ, ಇಬ್ಬರು ಕ್ಯುರೇಟರ್‌ಗಳು ಫೋನ್ ಮಾಡಿದರೆ ಸಾಕು.

ಎಲ್ಲೋರಾ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ, ಗೊತ್ತು. ಎಂಟನೇ ಶತಮಾನದಲ್ಲಿ ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ ಕೈಲಾಸ, ಮೇಲಿನಿಂದ ಕೆಳಗೆ ಕಡಿದ ಒಂದೇ ಬಂಡೆ. ಹದಿನೈದನೆಯ ಗುಹೆಯಲ್ಲಿ ದಂತಿದುರ್ಗನ ಶಾಸನ. ನಮ್ಮ ಸಂಘದವರು ಬಸ್ ಮಾಡಿಕೊಂಡು ಹೋದಾಗ ಕೈಲಾಸದ ಮುಂದೆ ಫೋಟೊ ತೆಗೆಸಿಕೊಂಡು ‘ಇದು ನಮ್ಮದು’ ಎಂದು ವಾಟ್ಸಾಪಿನಲ್ಲಿ ಹಾಕುತ್ತಾರೆ. ನನಗೆ ಅದು ರುಚಿಸುವುದಿಲ್ಲ. ಕೃಷ್ಣ ನಮ್ಮ ಸಂಘದ ಅಧ್ಯಕ್ಷನಾಗಿರಲಿಲ್ಲ. ಅದೇ ಬಸ್ಸಿನವರು ಜೈನ ಗುಹೆಗಳವರೆಗೆ ನಡೆಯದೆ ಊಟದ ಡಬ್ಬಿ ಬಿಚ್ಚುತ್ತಾರೆ ಎಂಬುದು ಇನ್ನೂ ಬೇಸರ. ಅಲ್ಲಿ, ಇಂದ್ರಸಭೆ ಎಂದು ಕರೆಯುವ ಮೂವತ್ತೆರಡನೆಯ ಗುಹೆಯಲ್ಲಿ, ಮೈಗೆ ಬಳ್ಳಿ ಸುತ್ತಿಕೊಂಡು ಬಾಹುಬಲಿ ನಿಂತಿದ್ದಾನೆ. ಶ್ರವಣಬೆಳಗೊಳದ ದೊಡ್ಡ ಮೂರ್ತಿ 981ರದ್ದು. ಇವನು ಅದಕ್ಕಿಂತ ಹಿಂದಿನವನು. ನೋಡಿದ ತಕ್ಷಣ ಗುರುತು ಹಿಡಿಯಬಲ್ಲ ಕಣ್ಣು ನಮ್ಮ ಮಕ್ಕಳಿಗಿದೆ, ಹತ್ತಿರ ಕರೆದೊಯ್ಯುವವರು ಬೇಕು.

ಹಾಗೆಯೇ ದೇವಗಿರಿ. ಈಗಿನ ದೌಲತಾಬಾದ್ ಕೋಟೆ. ಸೇವುಣರ ರಾಜಧಾನಿ. ಮರಾಠಿಗರಿಗೆ ಅವರು ಯಾದವರು, ಜ್ಞಾನೇಶ್ವರಿ ಹುಟ್ಟಿದ ಕಾಲದ ಅರಸರು. ಅದೇ ಸೇವುಣರು ಬರೆಸಿದ ಶಾಸನಗಳಲ್ಲಿ ಕನ್ನಡದವು ನೂರಾರು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿ ಎಂದು ಗುರುತಿಸಿದ್ದನ್ನು ನಮ್ಮವರು ಪ್ರತಿ ರಾಜ್ಯೋತ್ಸವದಲ್ಲೂ ಹೇಳುತ್ತಾರೆ, ಹಾಗೆಯೇ ಪಂಢರಪುರದ ವಿಠ್ಠಲನ ಕನ್ನಡತನವನ್ನೂ. ಅದನ್ನು ಇಲ್ಲಿ ಎಳೆಯುವುದಿಲ್ಲ. ಹೇಳಬೇಕಾದದ್ದು ಇಷ್ಟೇ: ಒಂದೇ ಅರಮನೆಯಲ್ಲಿ ಎರಡು ಭಾಷೆಗಳು ಕೆಲಸ ಮಾಡುತ್ತಿದ್ದವು. ಆ ಮಾತು ಭಾಷಣದಲ್ಲಿ ಬಂದರೆ ಎದುರಿಗಿರುವವನಿಗೆ ಸವಾಲಿನಂತೆ ಕೇಳುತ್ತದೆ. ಶಾಸನದ ಕಲ್ಲಿನ ಪಕ್ಕದ ಫಲಕದಲ್ಲಿ ಬಂದರೆ ಬರೀ ಸಂಗತಿ.

ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ಶುರುವಾದರೆ ಗಡಿಯ ಗದ್ದಲವೂ ಶುರು. ಅಲ್ಲಿ ಇಲ್ಲಿ ಬಸ್ಸುಗಳಿಗೆ ಮಸಿ ಬೀಳುತ್ತದೆ. ಆ ಕೆಲವು ದಿನ ನಮ್ಮ ಓಣಿಯ ಹೆಂಗಸರು ಹಾಲಿನ ಕ್ಯೂನಲ್ಲಿ ಫೋನ್ ಬಂದರೆ ದನಿ ತಗ್ಗಿಸಿ ಕನ್ನಡ ಮಾತಾಡುತ್ತಾರೆ. ಯಾರೂ ಏನೂ ಅಂದಿಲ್ಲ, ಆದರೂ ತಗ್ಗಿಸುತ್ತಾರೆ. ‘ನಾವು ಹೊರಗಿನವರು’ ಎಂದು ಹುಡುಗಿ ಬರೆದದ್ದು ಆ ತಗ್ಗಿದ ದನಿಯಿಂದ ಕಲಿತು. ಇದಕ್ಕೆ ಎದುರಾಗಿ ‘ಎಲ್ಲ ನಮ್ಮದೇ’ ಎಂದು ಎದೆ ತಟ್ಟುವುದೂ ಅದೇ ಕಾಯಿಲೆಯ ಇನ್ನೊಂದು ಮುಖ. ಒಳ್ಳೆಯ ಮ್ಯೂಸಿಯಂ ಎರಡಕ್ಕೂ ಔಷಧ ಕೊಡಬಲ್ಲದು. ನಿನಗಿಂತ ಮೊದಲು ಇಲ್ಲಿ ಬೇರೆಯವರಿದ್ದರು ಎಂದು ಒಬ್ಬನಿಗೆ ಹೇಳಿ, ಅವರಲ್ಲಿ ನಿನ್ನವರೂ ಇದ್ದರು ಎಂದು ಇನ್ನೊಬ್ಬನಿಗೆ ಹೇಳಬಲ್ಲದು.

ಆದರೆ ಮ್ಯೂಸಿಯಂ ತಾನೇ ಹುಟ್ಟುವುದಿಲ್ಲ. ಯಾರೋ ಒಬ್ಬರು ಎಲ್ಲರಿಗಿಂತ ಮೊದಲು ಬಗ್ಗಿ ಎತ್ತಿಕೊಳ್ಳಬೇಕು.

ಧಾರಾಶಿವ ಜಿಲ್ಲೆಯಲ್ಲಿ, ತೇರಣಾ ನದಿಯ ದಂಡೆಯ ಮೇಲೆ ತೇರ್ ಎಂಬ ಊರಿದೆ. ಸಂತ ಗೋರೋಬಾ ಕುಂಬಾರನ ಊರು ಎಂದರೆ ಮರಾಠಿಗರಿಗೆ ಬೇಗ ತಿಳಿಯುತ್ತದೆ. ಅದರ ಹಳೆಯ ಹೆಸರು ತಗರ. ಒಂದನೇ ಶತಮಾನದಲ್ಲಿ ಒಬ್ಬ ಗ್ರೀಕ್ ನಾವಿಕ ಬರೆದಿಟ್ಟ ‘ಪೆರಿಪ್ಲಸ್’ ಎಂಬ ವ್ಯಾಪಾರದ ಕೈಪಿಡಿಯಲ್ಲಿ ಪೈಠಣದ ಹೆಸರೂ ತಗರದ ಹೆಸರೂ ಒಟ್ಟಿಗೆ ಬರುತ್ತವೆ. ಪೈಠಣದಿಂದ ಪೂರ್ವಕ್ಕೆ ಹತ್ತು ದಿನದ ದಾರಿ, ಅಲ್ಲಿಂದ ಬಂಡಿಗಳ ಮೇಲೆ ಬಟ್ಟೆ, ಮಸ್ಲಿನ್ ಎಲ್ಲ ಭರೂಚ್ ಬಂದರಿಗೆ ಹೋಗುತ್ತಿತ್ತು ಎಂದು. ಸಾವಿರ ವರ್ಷದ ಮೇಲೆ ಕೊಲ್ಲಾಪುರದ ಶಿಲಾಹಾರ ಅರಸರು ತಮ್ಮ ಕನ್ನಡ ಶಾಸನಗಳಲ್ಲೂ ತಮ್ಮನ್ನು ‘ತಗರಪುರವರಾಧೀಶ್ವರ’ ಎಂದು ಕರೆದುಕೊಂಡರು. ತಾವು ಆಳುತ್ತಿದ್ದದ್ದು ಕೊಲ್ಲಾಪುರ, ಬಿರುದಿನಲ್ಲಿ ಹೊತ್ತದ್ದು ತಗರ. ಎಲ್ಲೋ ಹೋಗಿ ನೆಲೆಸಿದವರು ಮೂಲ ಊರಿನ ಹೆಸರನ್ನು ಮನೆತನದ ಹೆಸರಿನಲ್ಲಿ ಇಟ್ಟುಕೊಳ್ಳುವುದು ನಮಗೆ ಹೊಸದೇ?

ಆ ತೇರಿನಲ್ಲಿ ರಾಮಲಿಂಗಪ್ಪ ಲಾಮತುರೆ ಎಂಬವರಿದ್ದರು. ಮಳೆ ಬಂದಾಗ, ನೇಗಿಲು ಹೂಡಿದಾಗ, ಮನೆಗೆ ಪಾಯ ತೋಡಿದಾಗ ಮೇಲೆ ಬರುತ್ತಿದ್ದ ಮಣಿ, ನಾಣ್ಯ, ಮಣ್ಣಿನ ಗೊಂಬೆ, ದೀಪಗಳಿಗೆ ಅಲ್ಲಿ ಬೆಲೆ ಇರಲಿಲ್ಲ. ಇವರು ವರ್ಷಗಟ್ಟಲೆ ಕೂಡಿಸಿದರು. ಸಾವಿರಾರು ವಸ್ತುಗಳಾದವು. ಇವತ್ತು ಅದು ಅವರದೇ ಹೆಸರಿನ ಸರ್ಕಾರಿ ವಸ್ತುಸಂಗ್ರಹಾಲಯ. ತೇರಿನಲ್ಲಿ ಸಿಕ್ಕ ದಂತದ ಹೆಣ್ಣು ಗೊಂಬೆಯನ್ನು ವಿದ್ವಾಂಸರು ಇಟಲಿಯ ಪಾಂಪೆಯಲ್ಲಿ 1938ರಲ್ಲಿ ಸಿಕ್ಕ ಭಾರತೀಯ ದಂತದ ಗೊಂಬೆಯ ಜೊತೆ ಇಟ್ಟು ನೋಡುತ್ತಾರೆ. ಹಳ್ಳಿಯೊಂದರ ಮಣ್ಣಿಗೂ ರೋಮ್ ಸಾಮ್ರಾಜ್ಯದ ಶ್ರೀಮಂತರ ಮನೆಗೂ ನಂಟು ಇತ್ತೆಂದು ಗೊತ್ತಾಗಲು ಇಂಥವರು ಬೇಕಾಯಿತು. ರಾಮಲಿಂಗಪ್ಪ ಎಂಬ ಹೆಸರು ಕೇಳಿದರೆ ನಮ್ಮ ಬಸವಕಲ್ಯಾಣದವರು ‘ಯಾರ ಮನೆಯವರು?’ ಎಂದು ಕೇಳುವುದು ಖಂಡಿತ. ಗೆರೆ ಯಾವ ಕಡೆ ಬಿದ್ದರೂ ಹೆಸರುಗಳು ಹಾಗೇ ಉಳಿದಿವೆ.

ಪುಣೆಯ ಓದುಗರು ಕೇಳ್ಕರ್ ಮ್ಯೂಸಿಯಂ ನೋಡಿರುತ್ತೀರಿ. ದಿನಕರ ಕೇಳ್ಕರ್ ಅವರದ್ದು ಕನ್ನಡಕದ ಅಂಗಡಿ. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ಅವರು ಕೂಡಿಸಿದ್ದು ಕಿರೀಟ, ಸಿಂಹಾಸನಗಳಿಗಿಂತ ಹೆಚ್ಚಾಗಿ ಅಡಕತ್ತರಿ, ದೀಪ, ಬಾಚಣಿಗೆ, ಬೀಗ, ಅಡುಗೆಯ ಪಾತ್ರೆ, ತಂಬೂರಿ. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕಿನ ನೌಕರಿಯಲ್ಲಿದ್ದವರು. ಹಳೆಯ ಮನೆಗಳನ್ನು ಜನ ಕೆಡವಿ ಕಾಂಕ್ರೀಟ್ ಹಾಕುತ್ತಿದ್ದ ಕಾಲದಲ್ಲಿ, ಮರದ ಕಂಬ ತೊಲೆಗಳಿಗೆ ನಂಬರ್ ಹಾಕಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲಮಹಲ್ ಈಗ ಮಣಿಪಾಲದಲ್ಲಿ ಹಾಗೆಯೇ ನಿಂತಿದೆ. ತೇರಿನ ಒಬ್ಬರು, ಕನ್ನಡಕದ ಅಂಗಡಿಯ ಒಬ್ಬರು, ಬ್ಯಾಂಕಿನ ಒಬ್ಬರು. ಮೂವರಲ್ಲಿ ಯಾರೂ ಪುರಾತತ್ವ ಇಲಾಖೆಯಲ್ಲಿ ಸಂಬಳ ತೆಗೆದುಕೊಂಡವರಲ್ಲ.

ಇಲಾಖೆಗಳು ಏನೂ ಮಾಡಿಲ್ಲ ಎಂದು ಅರ್ಥವಲ್ಲ. ನಿಜಾಮರ ಸಂಸ್ಥಾನ 1914ರಲ್ಲಿ ಪುರಾತತ್ವ ಇಲಾಖೆ ಶುರುಮಾಡಿ ಗುಲಾಂ ಯಾಜ್ದಾನಿಯವರ ಕೈಗೆ ಕೊಟ್ಟಿತು. ಅಜಂತಾದ ಚಿತ್ರಗಳ ಮೇಲೆ ದೊಡ್ಡ ಸಂಪುಟಗಳನ್ನು ತಂದವರೂ ಅವರೇ, 1947ರಲ್ಲಿ ಬೀದರಿನ ಸ್ಮಾರಕಗಳ ಮೇಲೆ ಇವತ್ತಿಗೂ ಬಿಡದೆ ಓದಬೇಕಾದ ಪುಸ್ತಕ ತಂದವರೂ ಅವರೇ. ಒಬ್ಬ ಮನುಷ್ಯನ ಮೇಜಿನ ಮೇಲೆ ಅಜಂತಾವೂ ಬೀದರೂ ಒಟ್ಟಿಗೆ ಇದ್ದವು. ಆಮೇಲೆ ಆ ಮೇಜು ಮೂರು ರಾಜ್ಯಗಳಿಗೆ ಹಂಚಿಹೋಯಿತು.

ಕಟ್ಟಿಸುವುದು ಸುಲಭ, ನಡೆಸುವುದು ಕಷ್ಟ. ಅಜಂತಾ, ಎಲ್ಲೋರಾಗಳಲ್ಲಿ ಜಪಾನಿನ ಸಾಲದ ನೆರವಿನಿಂದ ದೊಡ್ಡ ಪ್ರವಾಸಿ ಕೇಂದ್ರಗಳನ್ನು ಕಟ್ಟಿದರು. ಗುಹೆಗಳ ಪ್ರತಿಕೃತಿ, ಸಿನಿಮಾ ಹಾಲು, ಎಲ್ಲ ಇತ್ತು. ಕೆಲವು ವರ್ಷಗಳಲ್ಲಿ ನೀರಿನ ಬಿಲ್ಲು, ಕರೆಂಟಿನ ಬಿಲ್ಲು ಬಾಕಿ ಬಿದ್ದು ಬಾಗಿಲು ಹಾಕಿದ ಸುದ್ದಿ ಪೇಪರುಗಳಲ್ಲಿ ಬಂತು. ಇನ್ನೊಂದು ಸಣ್ಣ ತೊಡಕು ಕೇಳಿ. ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಾಕ್ಕೆ ಮಂಗಳವಾರ. ಎಂಐಡಿಸಿಯಲ್ಲಿ ಎಲ್ಲ ಕಾರ್ಖಾನೆಗಳ ವಾರದ ರಜೆ ಭಾನುವಾರವೇ ಇರುವುದಿಲ್ಲ. ಎರಡನೇ ಪಾಳಿ ಮುಗಿಸಿ ಬರುವವನಿಗೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿರುವ ಜಾಗ ಯಾವುದೂ ತನ್ನದಲ್ಲ. ಮಾಲ್ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ತಂಪಾಗಿರುತ್ತದೆ, ಒಳಗೆ ಹೋಗಲು ಟಿಕೆಟ್ ಇಲ್ಲ. ಕುಟುಂಬ ಸಮೇತ ಜನ ಅಲ್ಲಿಗೆ ಹೋಗುತ್ತಾರೆ ಎಂದು ಮೂಗು ಮುರಿಯುವವರು ತಿಂಗಳಿಗೆ ಒಂದು ಸಂಜೆಯಾದರೂ ಮ್ಯೂಸಿಯಂ ಬಾಗಿಲನ್ನು ಎಂಟರವರೆಗೆ ತೆರೆದಿಡಲಿ, ಆಮೇಲೆ ಮಾತಾಡೋಣ.

ಬೆಂಗಳೂರಿನಲ್ಲಿರುವವರು ಇದೆಲ್ಲ ಪರಸ್ಥಳದ ಕಥೆ ಎಂದುಕೊಳ್ಳಬೇಡಿ. ನಿಮ್ಮಲ್ಲೂ ಹೆಚ್ಚಿನವರು ಆ ಊರಿಗೆ ಹೊಸಬರೇ. ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡದ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲು ಇದೆ. ಹತ್ತನೇ ಶತಮಾನದ್ದು. ರಾಷ್ಟ್ರಕೂಟ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸಂಗತಿ ಅದರಲ್ಲಿದೆ, ಅದೇ ಕಲ್ಲಿನಲ್ಲಿ ಕಾಳಿ ಎಂಬ ನಾಯಿಯ ಕಥೆಯೂ ಇದೆ. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ಬೂತುಗ ಏನು ಬೇಕು ಕೇಳು ಎಂದಾಗ, ಅವನು ಕೇಳಿದ್ದು ಆ ನಾಯಿಯನ್ನು. ಅದು ಹಂದಿಯ ಜೊತೆ ಕಾದಾಡಿ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು. ನಾಯಿ ಸಾಕಿದ ಯಾವ ಮಗುವನ್ನಾದರೂ ಅದರ ಮುಂದೆ ನಿಲ್ಲಿಸಿ ಈ ಕಥೆ ಹೇಳಿ ನೋಡಿ, ರಾಷ್ಟ್ರಕೂಟರು ತಾವಾಗಿ ನೆನಪಿನಲ್ಲಿ ಉಳಿಯುತ್ತಾರೆ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗೆ ಅಗೆಯುವಾಗ ಎಂಟನೇ ಶತಮಾನದ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಶಾಸನಗಳ ಹಿಂದೆ ಬಿದ್ದಿದ್ದ ಕೆಲವು ಸಾಮಾನ್ಯ ನಾಗರಿಕರ ಕಣ್ಣಿಗೆ ಬಿದ್ದದ್ದರಿಂದ ಅದು ಗುಂಡಿಯೊಳಗೆ ಮತ್ತೆ ಸೇರಲಿಲ್ಲ. ಈಗ ಅದಕ್ಕೊಂದು ಮಂಟಪ ಇದೆ. ನಗರ ಬೆಳೆಯುವುದೆಂದರೆ ಅಗೆಯುವುದು. ಅಗೆದಾಗ ಮೇಲೆ ಬಂದದ್ದನ್ನು ನೋಡುವವರಿದ್ದರೆ ಮ್ಯೂಸಿಯಂ, ಇಲ್ಲದಿದ್ದರೆ ಡೆಬ್ರಿಸ್ ಲಾರಿ.

ಮತ್ತೆ ಚಿಕಲಠಾಣಾಕ್ಕೆ ಬರುತ್ತೇನೆ. ಇಲ್ಲಿ ಅಗೆದರೆ ರಾಷ್ಟ್ರಕೂಟರು ಸಿಗುತ್ತಾರೋ ಇಲ್ಲವೋ, 1960ರ ದಶಕದಿಂದ ಈಚೆಗಿನ ಒಂದು ಇಡೀ ಕಾಲ ಮಾತ್ರ ಅಗೆಯದೆಯೇ ಕಣ್ಣ ಮುಂದೆ ಕರಗುತ್ತಿದೆ. ಹೊಲ ಹೋಗಿ ಶೆಡ್ ಬಂದದ್ದು, ಶೆಡ್ ಮುಚ್ಚಿ ಫ್ಲಾಟ್ ಬರುತ್ತಿರುವುದು. ಮೊದಲ ತಲೆಮಾರಿನ ಕಾರ್ಮಿಕರು ನಿವೃತ್ತರಾಗಿ ಊರಿಗೆ ಹೋಗುತ್ತಿದ್ದಾರೆ, ಇಲ್ಲವೇ ತೀರಿಕೊಳ್ಳುತ್ತಿದ್ದಾರೆ. ಮಕ್ಕಳು ಫ್ಲಾಟಿಗೆ ಹೋಗುವಾಗ ಹಿತ್ತಾಳೆಯ ಕೊಡ, ಒನಕೆ, ಬೀಸುಕಲ್ಲು ಭಂಗಾರದವನ ಕೈಗಾಡಿಗೆ. ಕಳೆದ ವರ್ಷ ನಮ್ಮ ಓಣಿಯಲ್ಲೇ ಒಂದು ಮನೆಯವರು ತೂಕಕ್ಕೆ ಹಾಕಿದ್ದರಲ್ಲಿ ಒಂದು ಬಿದರಿ ಹೂಜಿ ಇತ್ತು. ಕಪ್ಪು ಬಣ್ಣ ಮಾಸಿ, ಬೆಳ್ಳಿಯ ಎಳೆ ಅಲ್ಲಲ್ಲಿ ಎದ್ದಿತ್ತು. ಭಂಗಾರದವನು ಅದನ್ನು ಜಸ್ತಾ ಎಂದು ಬದಿಗಿಟ್ಟ. ಅವನದು ತಪ್ಪಲ್ಲ, ಬಹುಪಾಲು ಅದು ಸತುವೇ, ಸ್ವಲ್ಪ ತಾಮ್ರ. ಆದರೆ ಬೀದರ್ ಕೋಟೆಯ ಮಣ್ಣು ಬಳಿದರೆ ಆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತ ಉಳಿಯುತ್ತದೆ. ಇದೇ ಊರಿನ ಅಂಗಡಿಗಳಲ್ಲಿ ಹಿಮರೂ ಶಾಲಿನ ಪಕ್ಕದಲ್ಲಿ ಬಿದರಿ ಹೂದಾನಿಯನ್ನು ಪ್ರವಾಸಿಗರಿಗೆ ಮಾರುತ್ತಾರೆ. ಒಂದೆಡೆ ಸಾವಿರಾರು ರೂಪಾಯಿ, ಒಂದೆಡೆ ಕಿಲೋ ಲೆಕ್ಕ. ಆ ಹೂಜಿಯನ್ನು ಟರ್ನರ್ ಅಣ್ಣ ತೂಕದ ದುಡ್ಡು ಕೊಟ್ಟು ತಗೊಂಡರು. “ನಮ್ಮೂರ ಮಣ್ಣು ಅದರಾಗ ಅದ, ಹ್ಯಾಂಗ್ ಬಿಡ್ಲಿ” ಅಂದರು.

ಚಿಕಲಠಾಣಾಕ್ಕೆ ಒಂದು ಮ್ಯೂಸಿಯಂ ಬೇಕು ಎಂದರೆ ನಗುವವರಿದ್ದಾರೆ. ಲೇತ್ ಮಷೀನ್ ನೋಡಲು ಯಾರು ಬರುತ್ತಾರೆ ಅನ್ನುತ್ತಾರೆ. ಬೆಂಗಳೂರಿನಲ್ಲಿ ಎಚ್‌ಎಎಲ್ ತನ್ನ ವಿಮಾನಗಳ ಮ್ಯೂಸಿಯಂ ಮಾಡಿದೆ, ಶಾಲೆಯ ಮಕ್ಕಳು ಸಾಲುಗಟ್ಟಿ ಬರುತ್ತಾರೆ. ವಿಮಾನದಷ್ಟು ಚಂದ ಲೇತ್ ಇಲ್ಲ, ಒಪ್ಪಿದೆ. ಆದರೆ ನನ್ನ ಮನಸ್ಸಿನಲ್ಲಿರುವುದು ಬರೀ ಯಂತ್ರ ಅಲ್ಲ. ಮೊದಲ ದಿನದ ಗೇಟ್ ಪಾಸ್, ಹಾಜರಿ ಕಾರ್ಡ್, ಊರಿನಿಂದ ತಂದ ಟ್ರಂಕು, ಜೋಳದ ರೊಟ್ಟಿ ಕಟ್ಟುತ್ತಿದ್ದ ಬಟ್ಟೆ, ಯೂನಿಯನ್ನಿನ ರಸೀದಿ, ಮನೆಗೆ ಬರೆದ ಇನ್ಲೆಂಡ್ ಪತ್ರ. ಪತ್ರ ಕನ್ನಡದಲ್ಲೋ, ಮರಾಠಿಯಲ್ಲೋ, ಭೋಜಪುರಿಯಲ್ಲೋ ಇರಲಿ. ಹೊಲ ಕೊಟ್ಟ ಮನೆಯವರ ನೇಗಿಲು ಮೊದಲು ಇರಬೇಕು, ಅದರ ಪಕ್ಕದಲ್ಲಿ ನಮ್ಮ ಟ್ರಂಕು. ಆ ಕ್ರಮ 거ಮ್ಮತ್ತಿಗಲ್ಲ, ಅದೇ ಮುಖ್ಯ. ಊರು ಬಿಟ್ಟುಬಂದವನ ನಷ್ಟ ಎಲ್ಲರ ಕಣ್ಣಿಗೂ ಕಾಣುತ್ತದೆ. ಊರಿನಲ್ಲೇ ಇದ್ದು ಊರು ಕಳೆದುಕೊಂಡವನ ನಷ್ಟ ಯಾರ ಕಣ್ಣಿಗೂ ಕಾಣುವುದಿಲ್ಲ.

ಕಟ್ಟಡ ಬೇಡ. ಸದ್ಯಕ್ಕೆ ಒಂದು ನೋಂದಣಿ ಪುಸ್ತಕ ಸಾಕು ಎಂದು ನಾವು ಆರೇಳು ಮನೆಯವರು ಮಾತಾಡಿಕೊಂಡಿದ್ದೇವೆ. ವಸ್ತು ಅವರವರ ಮನೆಯಲ್ಲೇ ಇರಲಿ. ಒಂದು ಫೋಟೊ, ಅದರ ಕೆಳಗೆ ನಾಲ್ಕು ವಿವರ: ಇದೇನು, ಯಾರದ್ದು, ಯಾವ ಊರಿನಿಂದ ಯಾವ ವರ್ಷ ಬಂತು, ಯಾವುದಕ್ಕೆ ಬಳಸುತ್ತಿದ್ದರು. ಭಾಷೆ ಕನ್ನಡವೂ ಇರಲಿ, ಮರಾಠಿಯೂ ಇರಲಿ. ಓದುಗರಲ್ಲಿ ಯಾರಾದರೂ ಮುಂಬೈ, ಪುಣೆ, ಹೈದರಾಬಾದ್, ದಿಲ್ಲಿಯಲ್ಲಿ ಇದೇ ರೀತಿ ಶುರುಮಾಡಿದರೆ ಸಂಪಾದಕರಿಗೆ ಬರೆಯಿರಿ. ವಸ್ತುಗಳ ಬೆಲೆ ಬರೆಯಬೇಡಿ. ಬೆಲೆ ಬರೆದ ಮಾರನೆಯ ದಿನವೇ ಕೊಳ್ಳುವವರು ಬಂದು ಬಾಗಿಲು ತಟ್ಟುತ್ತಾರೆ.

ನಮ್ಮ ಪುಸ್ತಕದ ಮೊದಲ ಪುಟ ಆ ಹೂಜಿಯದು. ಫೋಟೊ ಟರ್ನರ್ ಅಣ್ಣನ ಮಗಳು ತೆಗೆದಳು, ವಿವರವೂ ಅವಳೇ ಬರೆದಳು. ‘ಯಾರದ್ದು’ ಎಂಬಲ್ಲಿ ಪೆನ್ನು ನಿಂತಿತು. ಮಾರಿದವರ ಹೆಸರೋ, ಕೊಂಡ ಅಪ್ಪನ ಹೆಸರೋ, ಮಾಡಿದವರ ಹೆಸರೋ ಎಂದು ಕೇಳಿದಳು. ಮಾಡಿದವರ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಅವಳು ಜಾಗ ಖಾಲಿ ಬಿಟ್ಟು, ಕೆಳಗಿನ ಎರಡು ಹೆಸರುಗಳನ್ನೂ ಬರೆದಿದ್ದಾಳೆ.